ಬಾಯಿಗಿಟ್ಟ ಬೆಲ್ಲ

ನಮ್ಮ ಮನೆಯಿಂದ ಬಂಡಿ ಹೊರಡುವ ಹೊತ್ತಿಗೆ ನನ್ನ ಬಾಯಲ್ಲಿ ಬೆಲ್ಲದ ಚೂರು ಇರಬೇಕಿತ್ತು. ಅತ್ತೆಮ್ಮ, ಅಂದರೆ ಅಪ್ಪನ ಅಕ್ಕ, ಅಡಿಗೆಮನೆಯ ಗಡಿಗೆಯಿಂದ ಬೆಲ್ಲ ತೆಗೆದು, ನನ್ನ ಗದ್ದ ಹಿಡಿದು ಬಾಯಿಗಿಟ್ಟು, ಹಿತ್ತಲಿಗೆ ಕಳಿಸಿ ಒಳಗಿಂದ ಅಗಳಿ ಹಾಕುತ್ತಿದ್ದಳು. ಮುಂಬಾಗಿಲಲ್ಲಿ ಎತ್ತುಗಳ ಕೊರಳಗಂಟೆ, ಅಪ್ಪ ಮೂಟೆಗಳಿಗೆ ಹಗ್ಗ ಬಿಗಿಯುವ ಸದ್ದು, ಗಾಲಿಯ ಮುಂದೆ ತೆಂಗಿನಕಾಯಿ ಒಡೆಯುವ ಸದ್ದು, ಎಲ್ಲವನ್ನೂ ನಾನು ಗೋಡೆಯ ಈಚೆ ನಿಂತು ಕೇಳುತ್ತಿದ್ದೆ. ಬಂಡಿ ಬೀದಿ ತಿರುಗಿ ಸದ್ದು ಅಡಗಿದ ಮೇಲೆ ಅಗಳಿ ತೆಗೆಯುತ್ತಿದ್ದಳು. ಅಷ್ಟರಲ್ಲಿ ಬೆಲ್ಲ ಕರಗಿಹೋಗಿರುತ್ತಿತ್ತು. ಓರಗೆಯ ಮಕ್ಕಳು ಬೆಲ್ಲಕ್ಕಾಗಿ ಹಟ ಹಿಡಿದು ಅಳುತ್ತಿದ್ದ ಕಾಲದಲ್ಲಿ ನಾನು ಅದರ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಇಷ್ಟಕ್ಕೆಲ್ಲ ಕಾರಣ, ನನ್ನದು ಕರಿನಾಲಿಗೆ ಎಂದು ಮನೆಯಲ್ಲಿ ತೀರ್ಮಾನವಾಗಿದ್ದದ್ದು. ನಾನು ಆಡಿದ ಕೆಟ್ಟ ಮಾತು ನಡೆದೇಬಿಡುತ್ತದೆ ಎಂದು ಅವರು ನಂಬಿದ್ದರು. ನಾನೂ ನಂಬಿದ್ದೆ.

ಹಿರಿಯೂರಿನ ಪೇಟೆ ಬೀದಿಯಲ್ಲಿ ನಮ್ಮದು ಮಾಳಿಗೆ ಮನೆ. ಮಳೆ ಕಡಿಮೆಯಾದ ಸೀಮೆಯಲ್ಲಿ ಹೆಂಚಿನ ಗೊಡವೆ ಯಾರಿಗೂ ಇರಲಿಲ್ಲ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು, ಅದರ ಮೇಲೆ ನೀರಿಳಿಯದ ಕರಲು ಮಣ್ಣು ಹಾಕಿ ಬಡಿದರೆ ಸೂರಾಯಿತು. ಪ್ರತಿ ಬೇಸಗೆಯಲ್ಲೂ ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು ಬೀಳುತ್ತಿತ್ತು. ಪಡಸಾಲೆ ಗಂಡಸರದು ಮತ್ತು ಮೂಟೆಗಳದು. ಅದರ ಹಿಂದಿನ ನಡುಮನೆ ಹೆಂಗಸರದು. ನಾಮಕರಣ, ಕಾಯಿಲೆ, ಸಾವು ಎಲ್ಲವೂ ಅಲ್ಲೇ, ಸೂರಿನ ಗವಾಕ್ಷಿಯಿಂದ ಬೀಳುವ ಒಂದು ಚೌಕ ಬೆಳಕಿನ ಸುತ್ತಮುತ್ತಲೇ ನಡೆಯುತ್ತಿದ್ದವು. ನಡುಮನೆಯ ಉದ್ದಕ್ಕೂ ಒಂದು ದಪ್ಪ ತೊಲೆ, ಹೊಗೆ ಹಿಡಿದು ಕರ್ರಗಾದದ್ದು. ಅದಕ್ಕೆ ಬಡಿದ ಕಬ್ಬಿಣದ ಕೊಂಡಿಗಳಲ್ಲಿ ಅಪ್ಪನ ತೊಟ್ಟಿಲು, ಚಿಕ್ಕಪ್ಪನ ತೊಟ್ಟಿಲು, ನನ್ನ ತೊಟ್ಟಿಲು ತೂಗಿದ್ದವಂತೆ. ಆಗ ಕಣಿವೆಯಲ್ಲಿ ಹೊಳೆಗೆ ಅಡ್ಡ ಕಟ್ಟೆ ಕಟ್ಟುವ ಕೆಲಸ ನಡೆದಿತ್ತು. ಅಲ್ಲಿ ನೆರೆದ ಕೂಲಿ ಜನಕ್ಕೆ ಅಪ್ಪ ರಾಗಿ, ಜೋಳ, ಬೆಲ್ಲ ಒಯ್ದು ಮಾರುತ್ತಿದ್ದರು. ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಚಿಕ್ಕಪ್ಪ ಬೀದಿ ಬದಿಯ ಅಂಗಡಿಯಲ್ಲಿ. ಮನೆಯೆಲ್ಲ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಬಂದ ಅತ್ತೆಮ್ಮನ ಕೈಯಲ್ಲಿ.

ನನ್ನ ಅವ್ವ ಕೆಮ್ಮು ಹತ್ತಿ ಮಲಗಿದ್ದು ಆ ನಡುಮನೆಯಲ್ಲೇ. ಬಹಳ ದಿನ ಮಲಗಿದ್ದಳು. ಮೊದಮೊದಲು ಗವಾಕ್ಷಿಯ ಬೆಳಕು ಮುಖಕ್ಕೆ ಬಂದರೆ ಮಗ್ಗುಲು ಬದಲಿಸುತ್ತಿದ್ದಳು. ಒಗ್ಗರಣೆಯ ವಾಸನೆ ಬಂದರೆ, “ಗಿರಿಜಾ, ಏನು ಸಾರು ನೋಡ್ಕಂಡು ಬಾ” ಎಂದು ನನ್ನನ್ನು ಅಡಿಗೆಮನೆಗೆ ಕಳಿಸುತ್ತಿದ್ದಳು. ನಾನು ಓಡಿಹೋಗಿ ನೋಡಿ ಬಂದು ಹೇಳುತ್ತಿದ್ದೆ. ಆಮೇಲೊಂದು ದಿನ ಬೆಳಕು ಅವಳ ಮುಖದ ಮೇಲೆ ಬಿದ್ದು, ಕಣ್ಣ ಮೇಲೆ ಹರಿದು, ದಿಂಬಿನಿಂದ ಇಳಿದು ಹೋಯಿತು. ಅವಳು ಕದಲಲಿಲ್ಲ. ಒಗ್ಗರಣೆ ಬಿತ್ತು, ಕೇಳಲಿಲ್ಲ. ನಾನೇ ಹೋಗಿ “ಅವರೆಕಾಳು ಸಾರು” ಅಂದೆ. ಅವಳು ನನ್ನ ಕಡೆ ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ದೂರದ ಊರಿಂದ ಯಾರೋ ಬಂದು ಏನೋ ಹೇಳಿದಾಗ ನಯಕ್ಕೆ ನಗುತ್ತಾರಲ್ಲ, ಹಾಗೆ. ಅಂದು ಊಟಕ್ಕೆ ಕುಳಿತಾಗ, ಎಲ್ಲರ ಎದುರಿಗೆ, ನಾನು ಹೇಳಿದೆ:

“ಅವ್ವ ಇನ್ನು ಏಳಲ್ಲ.”

ಅಪ್ಪ ಕೈಯಲ್ಲಿದ್ದ ತುತ್ತನ್ನು ಗಂಗಾಳಕ್ಕೆ ಬಿಟ್ಟರು. ಅತ್ತೆಮ್ಮ ನನ್ನ ಬಾಯಿ ಮೇಲೆ ಹೊಡೆದಳು. ಆ ಅಮಾವಾಸ್ಯೆ ಬರುವುದರೊಳಗೆ ಅವ್ವನನ್ನು ಮಣ್ಣು ಮಾಡಿ ಬಂದರು. ಸಾವಿನ ಮನೆಗೆ ಬಂದ ಹೆಂಗಸರ ಮುಂದೆ ಅತ್ತೆಮ್ಮ ನನ್ನ ಮಾತನ್ನು ಹೇಳಿಕೊಂಡು ಅತ್ತಳು. ಅವರು ನನ್ನ ಕಡೆ ತಿರುಗಿ ನೋಡಿದರು. ಅವ್ವ ಹೋದದ್ದಕ್ಕೆ ಅಳಬೇಕೋ, ನಾನು ಅವಳನ್ನು ಕಳಿಸಿಬಿಟ್ಟೆ ಎಂದು ಹೆದರಬೇಕೋ ತಿಳಿಯದೆ ಕಂಬ ಹಿಡಿದು ನಿಂತಿದ್ದೆ. ಆಮೇಲೆ ಒಂದು ಸಲ, ಅಪ್ಪ ಬಂಡಿ ಕಟ್ಟುತ್ತಿದ್ದಾಗ, ಬಿಳಿ ಎತ್ತು ಮುಂಗಾಲನ್ನು ಊರುವ ಮುಂಚೆ ಒಂದು ಚೂರು ತಡೆಯುವುದು ಕಂಡು, “ಇದು ಕಣಿವೆ ಮುಟ್ಟಲ್ಲ ಅಪ್ಪ” ಅಂದೆ. ದಾರಿಯಲ್ಲಿ ಎತ್ತು ಕುಸಿದು ಬಿತ್ತು. ಅಲ್ಲಿಗೆ ಹೆಸರು ಗಟ್ಟಿಯಾಯಿತು. ಮಠದ ಅಯ್ನೋರು ವಿಭೂತಿ ಹಚ್ಚಿ, ಮಗುವಿನ ಬಾಯಲ್ಲಿ ಒಳ್ಳೆಯದನ್ನೇ ಆಡಿಸಿರಮ್ಮ ಎಂದು ಹೇಳಿ ಹೋದರು. ಆ ಮಾತನ್ನು ಹಿಡಿದುಕೊಂಡು ಅತ್ತೆಮ್ಮ ಬೆಲ್ಲಕ್ಕೆ ಶುರುಮಾಡಿದಳು.

ಅತ್ತೆಮ್ಮ ಕೆಟ್ಟವಳಲ್ಲ. ನನ್ನ ತಲೆ ಬಾಚುತ್ತಿದ್ದಳು, ಜ್ವರ ಬಂದರೆ ಪಕ್ಕದಲ್ಲಿ ಮಲಗುತ್ತಿದ್ದಳು. ಆದರೆ ಬಾಚುವಾಗ ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸುತ್ತಿದ್ದಳು. ಮನೆಯಲ್ಲಿ ಒಬ್ಬೊಬ್ಬರೂ ನನ್ನ ಮುಂದೆ ಮಾತು ಕಡಿಮೆ ಮಾಡಿದರು. ಹೊಸ ಸೀರೆ ತಂದರೆ ನನಗೆ ತೋರಿಸುತ್ತಿರಲಿಲ್ಲ. ಹಸು ಕರು ಹಾಕಿದರೆ ಮೂರನೆಯವರ ಬಾಯಿಂದ ನನಗೆ ತಿಳಿಯಬೇಕು. ಬೀದಿಯ ಹುಡುಗಿಯರು ಆಟಕ್ಕೆ ಸೇರಿಸಿಕೊಳ್ಳುತ್ತಿದ್ದರು, ಆದರೆ ಯಾರು ಗೆಲ್ಲುತ್ತಾರೆ ಎಂದು ನಾನು ಬಾಯಿ ತೆರೆದರೆ ಆಟ ಬಿಟ್ಟು ಏಳುತ್ತಿದ್ದರು. ನಾನು ಮಾತಾಡುವುದನ್ನೇ ಬಿಟ್ಟೆ. ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಮನಸ್ಸಿಗೆ ಏನಾದರೂ ಹೊಳೆದರೆ ಅದನ್ನು ಒಳಗೇ ಅಳಿಸಿ ಹಾಕುವುದನ್ನು ಕಲಿತೆ. ಹಸಿವಾದರೂ, ಇದು ನಿಜವಾಗಿ ಹಸಿವೇ ಹೌದೇ ಎಂದು ಅನುಮಾನಿಸುತ್ತಿದ್ದೆ. ನನಗೆ ತೋಚಿದ್ದು ಯಾವುದೂ ನನ್ನದಲ್ಲ, ಯಾವುದೋ ಕೆಟ್ಟದ್ದು ನನ್ನೊಳಗೆ ಕುಂತು ತೋರಿಸುತ್ತಿದೆ ಎಂದು ನಂಬಿದ ಮಗು ಎಷ್ಟು ಒಂಟಿಯಾಗಿರುತ್ತದೆ ಎನ್ನುವುದನ್ನು ಹೇಳಿ ತಿಳಿಸುವುದು ಕಷ್ಟ. ಮನೆ ತುಂಬ ಜನರಿದ್ದರೂ ನನ್ನ ಜೊತೆ ನಾನೇ ಇರಲಿಲ್ಲ.

ಹೀಗಿರುವಾಗ ಚಿಕ್ಕಪ್ಪನ ಹೆಂಡತಿ ಚಿಕ್ಕವ್ವನಿಗೆ ಮಗುವಾಯಿತು. ಅವಳು ಆದಿವಾಲದವಳು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ನಮ್ಮಲ್ಲೇ ನಡೆಯಿತು. ಬಹಳ ವರ್ಷ ಹರಕೆ ಹೊತ್ತು ಪಡೆದ ಗಂಡು ಮಗು. ನನ್ನನ್ನು ಬಾಣಂತಿಯ ಕೋಣೆಯೊಳಗೆ ಬಿಡುತ್ತಿರಲಿಲ್ಲವಾದ್ದರಿಂದ, ಕಾಯಿಸಿದ ನೀರನ್ನು ಹೊಸಿಲವರೆಗೆ ತಂದಿಟ್ಟು ಹಿಂದಿರುಗುವುದು ನನ್ನ ಕೆಲಸ. ನಡುಮನೆಯಿಂದ ಆ ಕೋಣೆಗೆ ಹೋಗುವ ಬಾಗಿಲು ಒಂದು ಬೆರಳಿಗೆ ತೆರೆದುಕೊಳ್ಳುತ್ತಿದ್ದದ್ದು, ಆ ಬೇಸಗೆಯಲ್ಲಿ ಮೇಲ್ಗಡೆ ಹಿಡಿಯತೊಡಗಿತು. ಭುಜ ಕೊಟ್ಟು ನೂಕಬೇಕಾಗುತ್ತಿತ್ತು. ಬೆಳಿಗ್ಗೆ ನಾನು ಸಗಣಿ ಸಾರಿಸಿದ ನೆಲದ ಮೇಲೆ ಮಧ್ಯಾಹ್ನಕ್ಕೆ ನುಣ್ಣನೆಯ ಮರದ ಹಿಟ್ಟು, ಜರಡಿ ಹಿಡಿದ ಹಾಗೆ, ತೊಲೆಯ ಕೆಳಗೆ ಉದ್ದಕ್ಕೂ ಬಿದ್ದಿರುತ್ತಿತ್ತು. ಒರೆಸಿದರೆ ಮಾರನೆಯ ದಿನ ಮತ್ತೆ. ಇವನ್ನೆಲ್ಲ ನಾನು ಜೋಡಿಸಿ ಯೋಚಿಸಿದೆನೆಂದಲ್ಲ. ನನಗೆ ಗೊತ್ತಾಗುವ ಮುಂಚೆ ನನ್ನ ಕಾಲಿಗೆ ಗೊತ್ತಾಗಿತ್ತು. ನಡುಮನೆ ದಾಟುವಾಗ ನಾನು ಗೋಡೆಯ ಪಕ್ಕಕ್ಕೆ ಒತ್ತಿಕೊಂಡು ಹೋಗುತ್ತಿದ್ದೆ. ಅತ್ತೆಮ್ಮ ಬೈಯುವವರೆಗೂ ನನಗೆ ಅದು ತಿಳಿದಿರಲಿಲ್ಲ.

“ನೆಟ್ಟಗೆ ನಡುವೆ ನಡೆಯೋಕೆ ಏನಾಗೈತೆ ನಿಂಗೆ? ಇಲಿ ಹೋದಂಗೆ ಗೋಡೆ ಸವರ್ಕಂಡು ಹೋಗ್ತೀಯ.”

ಆಗ ತಲೆ ಎತ್ತಿ ನೋಡಿದೆ. ಅಷ್ಟರಲ್ಲಿ ಮಳೆಗಾಲ ಹತ್ತಿರವೆಂದು ಸೂರಿಗೆ ಹೊಸ ಕರಲು ಮಣ್ಣನ್ನೂ ಹಾಕಿಸಿಯಾಗಿತ್ತು. ತೊಲೆ ಎಂದಿನಂತೆ ಕರ್ರಗೆ, ದಪ್ಪಗೆ ಇತ್ತು. ನೋಡಿದರೆ ಏನೂ ಇಲ್ಲ. ಆದರೆ ಎದೆಯಲ್ಲಿ, ಬಿಳಿ ಎತ್ತು ಕಾಲೂರುವ ಮುಂಚೆ ತಡೆದದ್ದನ್ನು ಕಂಡಾಗ ಆದಂಥದೇ ಒಂದು ತಣ್ಣಗಿನ ಭಾವ. ನಾನು ಹೆದರಿದೆ. ಹೇಳಿದರೆ ಬೀಳುತ್ತದೆ, ಹೇಳುವುದೇ ಬೇಡ ಎಂದುಕೊಂಡೆ. ಬಾಯಿಂದ ಆಡದಿದ್ದರೆ ಸಾಲದು, ಮನಸ್ಸಿನಲ್ಲೂ ಆಡಬಾರದೆಂದು ಆ ಕಡೆ ನೋಡುವುದನ್ನೇ ಬಿಟ್ಟೆ. ಒಳ್ಳೆಯದನ್ನೇ ಅಂದುಕೊಂಡೆ: ತೊಲೆ ಗಟ್ಟಿ, ತೊಲೆ ಗಟ್ಟಿ. ದಿನಗಳು ಹೋದವು. ನಾನು ಸುಮ್ಮನಿದ್ದೆ. ಹಿಟ್ಟು ಸುಮ್ಮನಿರಲಿಲ್ಲ. ಬಾಗಿಲು ಇನ್ನೂ ಬಿಗಿಯಾಯಿತು. ಒಂದು ದಿನ ಆ ಹಿಟ್ಟನ್ನು ಅಂಗೈಯಲ್ಲಿ ಹಿಡಿದು ಕುಳಿತಾಗ ನನಗೆ ಒಂದು ವಿಷಯ ಹೊಳೆಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೂ ಇದು ಉದುರುತ್ತಲೇ ಇದೆ. ಹಾಗಾದರೆ ಇದು ನನ್ನ ನಾಲಿಗೆಯಿಂದ ಆಗುತ್ತಿಲ್ಲ. ಎಷ್ಟೋ ದಿನಗಳ ಮೇಲೆ ನನಗೆ ಹೊಳೆದ ಒಂದು ವಿಷಯವನ್ನು ನಾನು ಅಳಿಸಿಹಾಕದೆ ಉಳಿಸಿಕೊಂಡೆ.

ಹೆಸರಿಡುವ ದಿನ ಬಂತು. ಬೀದಿಯ ಹೆಂಗಸರೆಲ್ಲ ನಡುಮನೆಯಲ್ಲಿ ಸೇರಿದರು. ತೊಟ್ಟಿಲನ್ನು ತೊಳೆದು ಅರಿಶಿನ ಬಳಿದು, ಹೂವು ಸುತ್ತಿ, ಕೊಂಡಿಗಳಿಗೆ ಹಗ್ಗ ಕಟ್ಟಿದ್ದರು. ಅಪ್ಪ ಕಣಿವೆಯಿಂದ ಬರುವವರಿದ್ದರು, ಇನ್ನೂ ಬಂದಿರಲಿಲ್ಲ. ನಾನು ಅಡಿಗೆಮನೆಗೆ ಹೋಗಿ ಅತ್ತೆಮ್ಮನ ಸೆರಗು ಜಗ್ಗಿದೆ.

“ಅತ್ತೆಮ್ಮ, ತೊಟ್ಲು ಪಡಸಾಲೇಲಿ ಕಟ್ಟಾಣ.”

“ಯಾಕೆ?”

“ಅಲ್ಲಿ ಗಾಳಿ ಚೆನ್ನಾಗೈತೆ.”

ಅತ್ತೆಮ್ಮ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು.

“ಇವತ್ತೊಂದು ದಿನ, ನನ್ನವ್ವ, ಏನೂ ಅನ್ಬೇಡ” ಎಂದು ಬೆಲ್ಲದ ದೊಡ್ಡ ಉಂಡೆಯನ್ನೇ ನನ್ನ ಬಾಯಿಗಿಟ್ಟಳು.

ನಾನು ಬಂದು ನಡುಮನೆಯ ಗೋಡೆಗೆ ಒರಗಿ ನಿಂತೆ. ಚಿಕ್ಕವ್ವ ಹೊಸ ಸೀರೆ ಉಟ್ಟು, ಕೂದಲು ಇನ್ನೂ ಒದ್ದೆಯಾಗಿದ್ದವಳು, ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಳು. ಹೆಂಗಸರು ಜೋಗುಳ ತೆಗೆದರು. ತೊಟ್ಟಿಲು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹೋಯಿತು. ಕೊಂಡಿ ಕಿರುಗುಟ್ಟಿತು. ತೊಟ್ಟಿಲಿನ ಹೂವಿನ ಮೇಲೆ ಹಿಟ್ಟು ಉದುರಿದ್ದು ನನಗೆ ಕಂಡಿತು. ಬೇರೆ ಯಾರೂ ಮೇಲೆ ನೋಡುತ್ತಿರಲಿಲ್ಲ, ಎಲ್ಲರೂ ಮಗುವನ್ನು ನೋಡುತ್ತಿದ್ದರು. ನಾನು ಬೆಲ್ಲವನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದೆ.

“ಚಿಕ್ಕವ್ವ, ಮಗೂನ ಎತ್ಕ. ತೊಲೆ ಸರಿಯಿಲ್ಲ, ಬೀಳ್ತೈತೆ.”

ಜೋಗುಳ ನಿಂತಿತು. ಚಿಕ್ಕವ್ವ ಮಗುವನ್ನು ಬಾಚಿಕೊಂಡು ಅಂಗಳಕ್ಕೆ ಓಡಿದಳು. ತೊಲೆಗೆ ಹೆದರಿ ಓಡಿದಳೋ ನನಗೆ ಹೆದರಿಯೋ, ಅವಳಿಗೇ ಗೊತ್ತು. ಅಂಗಡಿಯಿಂದ ಚಿಕ್ಕಪ್ಪ ಬಂದರು. ಏಣಿ ಇಟ್ಟು ಹತ್ತಿ ತೊಲೆಯನ್ನು ಅಂಗೈಯಿಂದ ಬಡಿದರು.

“ಕಲ್ಲಿದ್ದಂಗೈತೆ. ನಮ್ಮ ತಾತ ಹಾಕ್ಸಿದ್ದು. ಬರ್ರಿ, ಎಲ್ಲ ಒಳಗೆ ಬರ್ರಿ.”

ಚಿಕ್ಕವ್ವ ಒಳಗೆ ಬರಲಿಲ್ಲ. ತೊಟ್ಟಿಲನ್ನು ಬಿಚ್ಚಿ ಪಡಸಾಲೆಯಲ್ಲೇ ಕಟ್ಟಬೇಕಾಯಿತು. ಹೆಸರಿಟ್ಟರು, ಊಟವಾಯಿತು, ಜನ ಹೋದರು. ತೊಲೆ ಬೀಳಲಿಲ್ಲ. ನನ್ನನ್ನು ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಆ ದಿನ ಕತ್ತಲಾಗುವವರೆಗೂ ಒಬ್ಬರೂ ನನ್ನನ್ನು ಮಾತಾಡಿಸಲಿಲ್ಲ. ಸಂಜೆ ಬಂದ ಅಪ್ಪ ವಿಷಯ ಕೇಳಿ, ನನ್ನ ಕಡೆ ನೋಡಿ, ಎತ್ತು ಬಿಚ್ಚಲು ಹೋದರು.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ನಾನು ಹಿತ್ತಲ ಬಾವಿಯಲ್ಲಿ ನೀರು ಸೇದುತ್ತಿದ್ದಾಗ, ಬಂಡಿಯಿಂದ ಒಟ್ಟಿಗೇ ಹತ್ತಾರು ಮೂಟೆ ಬಿದ್ದಂಥ ಸದ್ದಾಯಿತು. ಬಾಗಿಲಿಂದ ಧೂಳು ನುಗ್ಗಿ ಬಂತು. ಅತ್ತೆಮ್ಮ ಹಿತ್ತಲಲ್ಲೇ ಇದ್ದಳು, ಚಿಕ್ಕವ್ವ ಮಗುವಿನ ಜೊತೆ ಪಡಸಾಲೆಯಲ್ಲಿದ್ದಳು. ಯಾರಿಗೂ ಏನೂ ಆಗಲಿಲ್ಲ. ನಡುಮನೆಯಲ್ಲಿ, ಅವ್ವ ಮಲಗುತ್ತಿದ್ದ ಜಾಗದ ಮೇಲೆ, ಆಕಾಶ ಕಾಣುತ್ತಿತ್ತು. ಮುರಿದ ತೊಲೆಯ ಒಳಗೆ ಹುಳ ತಿಂದುಳಿದ ಬರೀ ಹಿಟ್ಟು. ಹೊರಗಿನ ಸಿಪ್ಪೆಯಷ್ಟೇ ಗಟ್ಟಿಯಿದ್ದದ್ದು. ನಾನು ಅದನ್ನು ನೋಡುತ್ತ ನಿಂತೆ. ಈಗ ಇವರಿಗೆಲ್ಲ ತಿಳಿಯುತ್ತದೆ ಎಂದುಕೊಂಡೆ. ಯಾರಾದರೂ ಬಂದು ತಲೆ ಸವರುತ್ತಾರೆ ಅಂತಲೂ ಅನ್ನಿಸಿತ್ತು. ಅತ್ತೆಮ್ಮ ಅಂಗಳದಲ್ಲಿ ಕುಕ್ಕರಿಸಿ ಕೂತು ಹೇಳುತ್ತಿದ್ದದ್ದು ಒಂದೇ ಮಾತು:

“ಅಂದ್ಳಲ್ಲ. ಅಂದೇಬಿಟ್ಳಲ್ಲ.”

ನಿಜ ಹೇಳಿದ್ದಕ್ಕೆ ಸಾಕ್ಷಿ ಸಿಕ್ಕಮೇಲೆ ನಾನು ಇನ್ನೂ ದೊಡ್ಡ ತಪ್ಪಿತಸ್ಥಳಾದೆ. ಈ ಹುಡುಗಿ ಮನೆಯಲ್ಲಿದ್ದರೆ ಮಗುವನ್ನು ಕರೆದುಕೊಂಡು ಆದಿವಾಲಕ್ಕೆ ಹೋಗುತ್ತೇನೆ ಎಂದು ಚಿಕ್ಕವ್ವ ಹಟ ಹಿಡಿದಳು. ಕೊನೆಗೆ ಅತ್ತೆಮ್ಮನೇ ಅಪ್ಪನಿಗೆ ದಾರಿ ಹೇಳಿದಳು. ಹೊಸದುರ್ಗದ ಕಡೆ, ಹಾಲುರಾಮೇಶ್ವರದಲ್ಲಿ, ಗಂಗೆಯ ಹೊಂಡದ ಮುಂದೆ ಕುಂತು ಬೇಡಿಕೊಂಡರೆ ನೀರಿನೊಳಗಿಂದ ಹೂವೋ ಹಣ್ಣೋ ಎಲೆಯಡಿಕೆಯೋ ತೇಲಿಬಂದು ಉತ್ತರ ಸಿಗುತ್ತದೆ. ಒಳ್ಳೆಯದು ಬಂದರೆ ಹುಡುಗಿಯನ್ನು ವಾಪಸ್ಸು ಕರೆದುಕೊಂಡು ಬಾ. ಇಲ್ಲದಿದ್ದರೆ ಪಕ್ಕದ ಹಳ್ಳಿಯಲ್ಲೇ ಅವಳ ತಾಯಿಯ ತಾಯಿ ಇದ್ದಾಳೆ, ಅಲ್ಲೇ ಬಿಟ್ಟು ಬಾ. ಹೊರಡುವ ದಿನ ಅತ್ತೆಮ್ಮ ಅಭ್ಯಾಸಬಲದಿಂದ ಬೆಲ್ಲ ಹಿಡಿದು ಬಂದವಳು, ಬಂಡಿಯಲ್ಲಿ ನನ್ನನ್ನು ಕಂಡು ನಿಂತುಬಿಟ್ಟಳು. ಚಿಕ್ಕವ್ವ ಬಾಗಿಲಲ್ಲಿ ಮಗುವಿನ ಮುಖಕ್ಕೆ ಸೆರಗು ಮುಚ್ಚಿ ನಿಂತಿದ್ದಳು.

ದಾರಿ ದೂರದ್ದು. ಅಪ್ಪನ ಜೊತೆ ನಾನೊಬ್ಬಳೇ ಅಷ್ಟು ಹೊತ್ತು ಕುಳಿತದ್ದು ಅದೇ ಮೊದಲು. ಮೊದಲ ದಿನವೆಲ್ಲ ಅವರು ಎತ್ತುಗಳೊಂದಿಗೆ ಮಾತ್ರ ಮಾತಾಡಿದರು. ಎರಡನೆಯ ದಿನ ಬೆಳಿಗ್ಗೆ, ಮುಖ ತಿರುಗಿಸದೆ ಕೇಳಿದರು:

“ತೊಲೇದು ನಿಂಗೆ ಹೆಂಗೆ ಗೊತ್ತಾತು?”

ಹೇಳಿದೆ. ಹಿಟ್ಟು ಉದುರಿದ್ದು, ಬಾಗಿಲು ಹಿಡಿದದ್ದು, ನನ್ನ ಕಾಲು ಗೋಡೆ ಪಕ್ಕ ಹೋದದ್ದು. ಅಪ್ಪ ಬಂಡಿ ನಿಲ್ಲಿಸಿದರು.

“ಇದನ್ನ ಯಾಕವ್ವ ಮೊದ್ಲೇ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ.”

ಅವರು ಹಗ್ಗವನ್ನು ಕೈಗೆ ಸುತ್ತುತ್ತ, ಬಿಚ್ಚುತ್ತ ಕುಳಿತರು. ಎತ್ತುಗಳು ದಾರಿ ಬದಿಯ ಹುಲ್ಲಿಗೆ ಬಾಯಿ ಹಾಕಿದವು. ನನಗೆ ಇನ್ನೊಂದು ವಿಷಯ ಹೇಳಬೇಕೆನ್ನಿಸಿತು. ಅವ್ವನ ಮುಖದ ಮೇಲೆ ಬಿಸಿಲು ಹರಿದು ಹೋದದ್ದನ್ನು, ಅವಳು ಸಾರು ಯಾವುದೆಂದು ಕೇಳದೆ ಇದ್ದದ್ದನ್ನು ಹೇಳಿದೆ. ಅದಕ್ಕೇ ಹಾಗಂದೆ ಅಪ್ಪ, ನಾನು ಸಾಯಲಿ ಅಂತ ಅನ್ನಲಿಲ್ಲ, ಅಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಬಿಕ್ಕಳಿಕೆ ಹತ್ತಿತ್ತು. ಅಪ್ಪ ಈಗ ನನ್ನ ಕಡೆ ತಿರುಗಿದರು.

“ನಂಗೂ ಗೊತ್ತಿತ್ತು ಕಣವ್ವ. ನಿನಗಿಂತ ಮುಂಚೇನೇ ಗೊತ್ತಾಗಿತ್ತು. ನಾನು ಬಾಯಿ ಬಿಡ್ಲಿಲ್ಲ, ನೀನು ಅಂದೆ. ಅಷ್ಟೆ.”

ಅಷ್ಟೆ ಎಂದರು. ಅವ್ವ ಹೋದ ದಿನದಿಂದ ಹೊತ್ತಿದ್ದ ಭಾರ ಆ ಒಂದು ಮಾತಿಗೆ ಎದೆಯಿಂದ ಇಳಿಯಿತೆಂದರೆ ಸುಳ್ಳಾದೀತು. ಇಳಿಯಲು ವರ್ಷಗಳೇ ಹಿಡಿದವು. ಆದರೆ ನಾನು ಕಂಡದ್ದನ್ನು ಇನ್ನೊಬ್ಬರೂ ಕಂಡಿದ್ದರು ಎನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹಾಲುರಾಮೇಶ್ವರದಲ್ಲಿ ಹೊಂಡದ ಕಟ್ಟೆಯ ಮೇಲೆ ಮೂರು ನಾಲ್ಕು ಸಂಸಾರ ಕುಳಿತಿದ್ದವು. ಮದುವೆ ಕೇಳಲು ಬಂದವರಿಗೆ ವೀಳ್ಯದೆಲೆ ತೇಲಿಬಂತು. ಒಬ್ಬ ಮುದುಕನಿಗೆ ಬಾಳೆಹಣ್ಣು. ಅವನು ಅದನ್ನು ಕಣ್ಣಿಗೊತ್ತಿಕೊಂಡು ಎದ್ದ. ನಮ್ಮ ಸರದಿ ಬಂತು. ಅಪ್ಪ ಕಣ್ಣು ಮುಚ್ಚಿ ಕೈ ಮುಗಿದು ಬೇಡಿಕೊಂಡರು. ನಾನು ನೀರನ್ನೇ ನೋಡುತ್ತ ಕುಳಿತೆ. ನೀರು ಒಂದೆರಡು ಸಲ ಗುಳುಗುಳು ಎಂದಿತು. ಏನೂ ಬರಲಿಲ್ಲ. ಕಾದೆವು. ನಮ್ಮ ಹಿಂದೆ ಬಂದವರೂ ತಮ್ಮ ಉತ್ತರ ತೆಗೆದುಕೊಂಡು ಹೋದರು. ಪೂಜೆಯವರು ಹತ್ತಿರ ಬಂದು, “ಒಂದೊಂದು ಸಲ ಹಿಂಗಾಗ್ತೈತೆ, ಇನ್ನೊಂದು ದಿನ ಬರ್ರಿ” ಎಂದು ಸಮಾಧಾನ ಹೇಳಿದರು. ಅಪ್ಪ ಏಳಲಿಲ್ಲ. ಕಟ್ಟೆಯ ಮೇಲೇ ಕುಳಿತು ನನ್ನನ್ನು ಕೇಳಿದರು:

“ನೀನೇ ಹೇಳು ಗಿರಿಜವ್ವ. ಮನೆಗೆ ಹೋಗಾಣೇನು? ಅಜ್ಜಿ ತಾವ ಇರ್ತೀಯೇನು?”

ಹಾಗೆ ಯಾರೂ ನನ್ನನ್ನು ಕೇಳಿದ್ದೇ ಇಲ್ಲ. ಮನೆ ಎಂದ ತಕ್ಷಣ ಅಪ್ಪನ ಮಗ್ಗುಲು ಬೇಕೆನ್ನಿಸಿತು. ಹಿತ್ತಲ ಬಾವಿ, ನನ್ನ ಕಂಬ ನೆನಪಾದವು. ಹೋಗಾಣ ಎಂದು ನಾಲಿಗೆಯ ತುದಿಗೆ ಬಂತು. ಆದರೆ ಬಂಡಿ ಬೀದಿಗೆ ತಿರುಗಿ ಮನೆಯ ಮುಂದೆ ನಿಲ್ಲುವುದನ್ನು ಮನಸ್ಸಿಗೆ ತಂದುಕೊಂಡಾಗ, ನಡುಮನೆಯಲ್ಲಿ ನನ್ನ ಕಾಲು ಗೋಡೆಯ ಪಕ್ಕಕ್ಕೆ ಸರಿದಂತೆಯೇ ಒಳಗೆ ಏನೋ ಪಕ್ಕಕ್ಕೆ ಸರಿಯಿತು. ಆ ಸಲ ನಾನು ಅದನ್ನು ಅನುಮಾನಿಸಲಿಲ್ಲ.

“ಅಜ್ಜಿ ತಾವ ಇರ್ತೀನಿ.”

“ಅತ್ತೆಮ್ಮಂಗೆ ಹೆದ್ರಿ ಹೇಳ್ತಿದ್ದೀಯ?”

“ಇಲ್ಲ. ಅಲ್ಲಿ ನನ್ನ ಕಂಡ್ರೆ ಎಲ್ಲರ್ಗೂ ಭಯ. ನಂಗೂ ನನ್ನ ಕಂಡ್ರೆ ಭಯ ಆಗ್ತೈತೆ.”

ಅಪ್ಪ ತಲೆಯಾಡಿಸಿದರು. ಮನೆಗೆ ಹೋಗಾಣ ಎಂದೇ ನಾನು ಹೇಳಲಿ ಎಂದು ಅವರು ಆಸೆಪಟ್ಟಿದ್ದರೆಂದು ಅವರ ಬೆನ್ನು ನೋಡಿದಾಗ ನನಗೆ ಗೊತ್ತಾಯಿತು. ಅದನ್ನೂ ನಾನು ಸರಿಯಾಗಿಯೇ ತಿಳಿದಿದ್ದೆ. ಅಜ್ಜಿಯ ಮನೆಯಲ್ಲಿ ಊಟ ಮಾಡಿ, ಬಿಸಿಲು ಇಳಿಯುವ ಮುಂಚೆ ಅವರು ಹೊರಟರು. ವರ್ಷಕ್ಕೊಂದೆರಡು ಸಲ ಬಂದುಹೋಗುತ್ತಿದ್ದರು. ಹಿರಿಯೂರಿನ ಆ ಮನೆಗೆ ನಾನು ಮತ್ತೆ ಬಾಳಲು ಹೋಗಲಿಲ್ಲ. ಆಮೇಲಿನ ಬಾಳಿನಲ್ಲಿ ನನಗೆ ಒಳಗಿಂದ ತೋಚಿದ್ದನ್ನು ನಂಬಿ ನಡೆದೆ: ಮಕ್ಕಳ ಜ್ವರದಲ್ಲಿ, ಮನೆಗೆ ಬಂದವರ ಮಾತಿನಲ್ಲಿ, ಕೊಟ್ಟು ತರುವ ಸಂಬಂಧಗಳಲ್ಲಿ. ಕೆಲವು ಸಲ ಸೋತದ್ದೂ ಉಂಟು. ಅದು ದೇವರ ವರವಲ್ಲ, ಶಾಪವೂ ಅಲ್ಲ. ಬಾಯಿ ಮುಚ್ಚಿಸಿದ ಮಗುವಿಗೆ ನೋಡುವುದೊಂದೇ ಕೆಲಸ ಉಳಿದಿತ್ತು. ನಾನು ಚೆನ್ನಾಗಿ ನೋಡಿದ್ದೆ.

ಆ ದಿನ ಬಂಡಿ ಮರೆಯಾದ ಮೇಲೆ ಅಜ್ಜಿಯ ಮನೆಯ ಜಗುಲಿಯಲ್ಲಿ ಕುಳಿತು ಅತ್ತುಬಿಟ್ಟೆ. ಸರಿಯಾದದ್ದನ್ನೇ ಹೇಳಿದ್ದೇನೆ ಎಂದು ಗೊತ್ತಿತ್ತು. ಸರಿಯಾದದ್ದನ್ನು ಹೇಳಿದ ಮೇಲೂ ಇಷ್ಟು ಅಳು ಬರುತ್ತದೆ ಎಂದು ಗೊತ್ತಿರಲಿಲ್ಲ. ಅಜ್ಜಿ ಅಳಬೇಡ ಎನ್ನಲಿಲ್ಲ. ಒಲೆ ಹಚ್ಚಿ ಬಂದು ಬಾಗಿಲಲ್ಲಿ ನಿಂತಳು.

“ಏನು ಉಣ್ತೀಯ? ಮುದ್ದೆ ತಿರುವಲೋ, ರೊಟ್ಟಿ ಬಡೀಲೋ?”

ನಾನು ಕಣ್ಣೊರೆಸಿಕೊಂಡು ಅವಳನ್ನು ನೋಡಿದೆ. ಯಾವುದಾದರೂ ಸರಿ ಎನ್ನಲು ಹೋದೆ. ಅವಳು ಹಾಗೇ ಕಾಯುತ್ತ ನಿಂತಿದ್ದಳು. ನಾನು ಸ್ವಲ್ಪ ಹೊತ್ತು ಯೋಚಿಸಿದೆ.

“ರೊಟ್ಟಿ” ಅಂದೆ.

ಅಜ್ಜಿ ಒಳಗೆ ಹೋಗಿ ಜೋಳದ ಹಿಟ್ಟು ತೆಗೆದಳು.